ಮಗು ಹೇಳಿತ್ತು, ಕೇಳೋಕೆ ನೂರು ವರ್ಷ ಬೇಕಾಯ್ತು

ಇವತ್ತಿನ ವಿಷಯ ಸ್ವಲ್ಪ ಭಾರವಾದದ್ದು. ಮಕ್ಕಳು ಹತ್ತಿರ ಇದ್ದರೆ ವಿಡಿಯೊಗೆ ಇಯರ್‌ಫೋನ್ ಹಾಕ್ಕೊಳ್ಳಿ, ಇಲ್ಲಾಂದ್ರೆ ಈ ಬರಹವನ್ನೇ ಓದ್ಕೊಳ್ಳಿ. ನಿಮ್ಮದೇ ಬಾಲ್ಯಕ್ಕೆ ತೀರಾ ಹತ್ತಿರ ಅನಿಸಿದರೆ ಅರ್ಧಕ್ಕೇ ನಿಲ್ಲಿಸಿ, ಮನಸ್ಸಾದಾಗ ಬನ್ನಿ. ಘಟನೆಗಳ ವಿವರ ಎಲ್ಲೂ ಹೇಳಲ್ಲ, ಅದರ ಅಗತ್ಯವೂ ಇಲ್ಲ.

ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವನ್ನು ಥೆರಪಿಸ್ಟ್ ಹತ್ತಿರ ಕರೆದುಕೊಂಡು ಹೋದರೆ ಆ ರೂಮಿನಲ್ಲಿ ಏನು ನಡೆಯುತ್ತೆ? ಈ ಪ್ರಶ್ನೆಯನ್ನ ನಾನು ಸ್ನೇಹಿತರ ಮುಂದೆ ಇಟ್ಟಾಗೆಲ್ಲ ಎರಡು ತರಹದ ಉತ್ತರ ಬರುತ್ತೆ. ಒಂದು, "ನಡೆದಿದ್ದನ್ನೆಲ್ಲ ಮಗು ಹತ್ರ ಬಾಯಿ ಬಿಡಿಸ್ತಾರೆ." ಇನ್ನೊಂದು, "ಚಿಕ್ಕ ಮಗು, ಮರೆತುಬಿಡುತ್ತೆ. ಮತ್ತೆ ಯಾಕೆ ಕೆದಕೋದು?" ಇವೆರಡೂ ನಮ್ಮ ಜನಕ್ಕೆ ಇವತ್ತು ಹೊಳೆದ ಮಾತಲ್ಲ. ದೊಡ್ಡ ದೊಡ್ಡ ವೈದ್ಯರೇ ಈ ಎರಡೂ ದಾರಿ ಹಿಡಿದು ಹೋಗಿದ್ದರು. ಅದರ ಬೆಲೆ ತೆತ್ತವರು ಮಕ್ಕಳು. ಇವತ್ತು ವಯಸ್ಸಿಗೆ ತಕ್ಕ ಮಾತಿನ ಚಿಕಿತ್ಸೆ ಅಂತ ಏನಿದೆಯೋ ಅದು ಎರಡೂ ಕಡೆ ಎಡವಿ, ಎದ್ದು ಕಲಿತದ್ದು. ನಾನು ಥೆರಪಿಸ್ಟ್ ಅಲ್ಲ, ಇತಿಹಾಸ ಓದೋನು. ಹಾಗಾಗಿ ಆ ಇತಿಹಾಸವನ್ನೇ ಹೇಳ್ತೀನಿ. ನಮ್ಮಂಥ ಊರು ಬಿಟ್ಟು ಬಂದವರ ಮನೆಗೆ ಅದು ಎಲ್ಲಿ ತಾಗುತ್ತೆ ಅನ್ನೋದಕ್ಕೆ ಕೊನೆಯಲ್ಲಿ ಬರ್ತೀನಿ.

ವಿಯೆನ್ನಾದಲ್ಲಿ ಶುರುವಾಗಿದ್ದು

ಮಾತಿನ ಚಿಕಿತ್ಸೆ ಅನ್ನೋ ಹೆಸರು ಕೊಟ್ಟಿದ್ದು ಡಾಕ್ಟರ್ ಅಲ್ಲ, ರೋಗಿ. 1880ರ ದಶಕದ ಆರಂಭದಲ್ಲಿ ವಿಯೆನ್ನಾದ ಡಾಕ್ಟರ್ ಜೋಸೆಫ್ ಬ್ರಾಯರ್ ಹತ್ತಿರ ಬರ್ತಾ ಪಾಪೆನ್‌ಹೈಮ್ ಅನ್ನೋ ಯುವತಿ ಚಿಕಿತ್ಸೆ ಪಡೀತಿದ್ದಳು. ಕಾಯಿಲೆಯ ಒಂದು ಹಂತದಲ್ಲಿ ಅವಳಿಗೆ ತನ್ನ ಮಾತೃಭಾಷೆ ಜರ್ಮನ್ ಬಾಯಿಗೇ ಬರ್ತಿರಲಿಲ್ಲ, ಇಂಗ್ಲಿಷ್ ಮಾತ್ರ ಬರ್ತಿತ್ತು. ಡಾಕ್ಟರ್ ಹತ್ತಿರ ಕೂತು ಮಾತಾಡಿದರೆ ಹಗುರ ಆಗೋದನ್ನು ಗಮನಿಸಿ ಅವಳೇ ಇಂಗ್ಲಿಷಿನಲ್ಲಿ 'ಟಾಕಿಂಗ್ ಕ್ಯೂರ್' ಅಂತ ಕರೆದಳು. 1895ರಲ್ಲಿ ಬ್ರಾಯರ್ ಮತ್ತು ಫ್ರಾಯ್ಡ್ ಸೇರಿ ಬರೆದ ಪುಸ್ತಕದಲ್ಲಿ ಅವಳು 'ಆನಾ ಓ' ಅನ್ನೋ ಬೇರೆ ಹೆಸರಿನಲ್ಲಿ ಬರ್ತಾಳೆ. ಮುಂದೆ ಇದೇ ಪಾಪೆನ್‌ಹೈಮ್ 1904ರಲ್ಲಿ ಜರ್ಮನಿಯಲ್ಲಿ ಯಹೂದಿ ಮಹಿಳೆಯರ ಒಕ್ಕೂಟ ಕಟ್ಟಿದರು. 1907ರಲ್ಲಿ ಅಪಾಯದಲ್ಲಿದ್ದ ಹೆಣ್ಣುಮಕ್ಕಳಿಗಾಗಿ ಒಂದು ಆಶ್ರಯ ಮನೆ ತೆರೆದರು. ಮನೋವಿಶ್ಲೇಷಣೆಯ ಚರಿತ್ರೆಯಲ್ಲಿ ಅವರನ್ನು ರೋಗಿ ಅಂತಲೇ ನೆನೆಸ್ಕೊಳ್ತಾರೆ, ಈ ಕೆಲಸದ ಬಗ್ಗೆ ಹೇಳೋರು ಕಡಿಮೆ.

ಈಗ ಫ್ರಾಯ್ಡ್ ವಿಷಯಕ್ಕೆ ಬರೋಣ. 1896ರ ಏಪ್ರಿಲ್‌ನಲ್ಲಿ ಅವರು ವಿಯೆನ್ನಾದ ಮನೋವೈದ್ಯರ ಸಂಘದಲ್ಲಿ ಒಂದು ಉಪನ್ಯಾಸ ಕೊಟ್ಟರು. ತಾನು ನೋಡಿದ 18 ರೋಗಿಗಳಲ್ಲಿ, ಗಂಡಸರೂ ಸೇರಿ, ಕಾಯಿಲೆಯ ಬೇರು ಬಾಲ್ಯದಲ್ಲಿ ಆದ ಲೈಂಗಿಕ ದೌರ್ಜನ್ಯದಲ್ಲಿದೆ ಅಂದರು. ಸಭೆ ತಣ್ಣಗಿತ್ತು. ಅಧ್ಯಕ್ಷತೆ ವಹಿಸಿದ್ದ ಕ್ರಾಫ್ಟ್-ಎಬಿಂಗ್ ಇದನ್ನು ವಿಜ್ಞಾನದ ಅಡುಗೂಲಜ್ಜಿ ಕಥೆ ಅನ್ನೋ ಹಾಗೆ ತಳ್ಳಿಹಾಕಿದರು. ಮುಂದಿನ ವರ್ಷ, 1897ರ ಸೆಪ್ಟೆಂಬರ್‌ನಲ್ಲಿ, ಗೆಳೆಯ ಫ್ಲೀಸ್‌ಗೆ ಬರೆದ ಪತ್ರದಲ್ಲಿ ಫ್ರಾಯ್ಡ್ ತಾವೇ ಆ ಸಿದ್ಧಾಂತ ಕೈಬಿಟ್ಟರು. ಇಷ್ಟೊಂದು ಮನೆಗಳಲ್ಲಿ, ಇಷ್ಟೊಂದು ಅಪ್ಪಂದಿರು ಹೀಗೆ ಇರೋದು ಸಾಧ್ಯವೇ ಅನ್ನೋದು ಅವರು ಕೊಟ್ಟ ಕಾರಣಗಳಲ್ಲಿ ಒಂದು.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಮಕ್ಕಳ ಮೇಲೆ ದೌರ್ಜನ್ಯ ನಡೆಯೋದೇ ಇಲ್ಲ ಅಂತ ಫ್ರಾಯ್ಡ್ ಯಾವತ್ತೂ ಹೇಳಲಿಲ್ಲ. ಆದರೆ ಅವರ ಗಮನ ನಡೆದ ಘಟನೆಯಿಂದ ಮನಸ್ಸಿನ ಕಲ್ಪನೆಯ ಕಡೆ ಹೊರಳಿತು. ಅವರ ಹಿಂದೆ ಬಂದ ಎರಡು ಮೂರು ತಲೆಮಾರಿನ ಡಾಕ್ಟರುಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಯಾರಾದರೂ ಇಂಥದ್ದು ಹೇಳಿದರೆ "ಇದು ಕಲ್ಪನೆ ಇರಬಹುದು" ಅನ್ನೋದನ್ನೇ ಮೊದಲ ಅನುಮಾನ ಮಾಡಿಕೊಂಡರು. ಇನ್ನೊಂದು ವಿಷಯ ಗಮನಿಸಿ. ಇಷ್ಟೆಲ್ಲ ಚರ್ಚೆ ನಡೆದ ರೂಮಿನಲ್ಲಿ ಒಂದೇ ಒಂದು ಮಗು ಇರಲಿಲ್ಲ. ದೊಡ್ಡವರು ತಮ್ಮ ಬಾಲ್ಯ ನೆನಪಿಸಿಕೊಳ್ತಿದ್ದರು, ಬೇರೆ ದೊಡ್ಡವರು ಅದರ ಅರ್ಥ ಹೇಳ್ತಿದ್ದರು.

ಅದೇ ಹೊತ್ತಿಗೆ ನಮ್ಮಲ್ಲಿ

ಯುರೋಪಿನಲ್ಲಿ ಹೀಗಿದ್ದಾಗ ನಮ್ಮ ದೇಶದಲ್ಲೂ ಮಗುವಿನ ದೇಹದ ಬಗ್ಗೆ ದೊಡ್ಡ ಗಲಾಟೆ ನಡೀತಿತ್ತು. ಕಲ್ಕತ್ತಾದಲ್ಲಿ ಫೂಲ್‌ಮೊನಿ ಅನ್ನೋ ಹತ್ತೋ ಹನ್ನೊಂದೋ ವರ್ಷದ ಹುಡುಗಿ, ತನಗಿಂತ ಬಹಳ ದೊಡ್ಡವನಾದ ಗಂಡನಿಂದ ಆದ ಗಾಯದಿಂದ ಸತ್ತುಹೋದಳು. ಕಾನೂನಿನಲ್ಲಿ ಆಗ ಸಮ್ಮತಿಯ ವಯಸ್ಸು ಹತ್ತು. ಹಾಗಾಗಿ ಗಂಡನ ಮೇಲೆ ಅತ್ಯಾಚಾರದ ಆರೋಪ ನಿಲ್ಲಲಿಲ್ಲ. 1891ರ ಕಾಯ್ದೆ ಆ ವಯಸ್ಸನ್ನು ಹನ್ನೆರಡಕ್ಕೆ ಏರಿಸಿತು. ನಮ್ಮ ಮೈಸೂರು ಸಂಸ್ಥಾನ 1894ರಲ್ಲೇ ಬಾಲ್ಯವಿವಾಹ ತಡೆಯೋ ನಿಯಮ ತಂದು, ಎಂಟು ತುಂಬದ ಹೆಣ್ಣುಮಕ್ಕಳ ಮದುವೆ ನಿಷೇಧಿಸಿತು. ಐವತ್ತು ದಾಟಿದ ಗಂಡಸು ಹದಿನಾಲ್ಕರ ಒಳಗಿನ ಹುಡುಗಿಯನ್ನು ಮದುವೆ ಆಗೋ ಹಾಗಿಲ್ಲ ಅಂದಿತು. ಎಂಟು ವರ್ಷ ಅನ್ನೋದು ಇವತ್ತು ಕೇಳೋಕೆ ವಿಚಿತ್ರ. ಆಗ ಅಷ್ಟಕ್ಕೂ ವಿರೋಧ ಇತ್ತು.

ಆದರೆ ಧರ್ಮ, ಸಂಪ್ರದಾಯ, ಬ್ರಿಟಿಷರ ಅಧಿಕಾರ ಅಂತ ವರ್ಷಗಟ್ಟಲೆ ನಡೆದ ಆ ವಾದದಲ್ಲೂ ಬದುಕುಳಿದ ಹುಡುಗಿಯರ ಮನಸ್ಸಿಗೆ ಏನಾಯ್ತು ಅಂತ ಕೇಳಿದವರು ತೀರಾ ಕಡಿಮೆ. ವಯಸ್ಸು ಎಷ್ಟು ಅನ್ನೋದಷ್ಟೇ ಪ್ರಶ್ನೆಯಾಗಿತ್ತು.

ಫೆರೆನ್ಸಿ ಓದಿದ ಪ್ರಬಂಧ

1932ರ ಸೆಪ್ಟೆಂಬರ್. ಜರ್ಮನಿಯ ವೀಸ್‌ಬಾಡೆನ್‌ನಲ್ಲಿ ಮನೋವಿಶ್ಲೇಷಕರ ಅಂತಾರಾಷ್ಟ್ರೀಯ ಸಮ್ಮೇಳನ. ಹಂಗೇರಿಯ ಶಾಂಡೋರ್ ಫೆರೆನ್ಸಿ ಫ್ರಾಯ್ಡ್ ಅವರಿಗೆ ಬಹಳ ಆಪ್ತರು. ಅವರು ಒಂದು ಪ್ರಬಂಧ ಓದಿದರು. ಅದರ ಹೆಸರನ್ನು ಕನ್ನಡದಲ್ಲಿ ಹೇಳೋದಾದರೆ 'ದೊಡ್ಡವರ ಮತ್ತು ಮಗುವಿನ ನಡುವೆ ಭಾಷೆಗಳ ಗೊಂದಲ'. ಇದನ್ನು ಪ್ರಕಟಿಸಬೇಡಿ ಅಂತ ಫ್ರಾಯ್ಡ್ ಒತ್ತಾಯ ಮಾಡಿದ್ದರು, ಫೆರೆನ್ಸಿ ಕೇಳಲಿಲ್ಲ. ಎಂಟು ತಿಂಗಳಲ್ಲಿ ಫೆರೆನ್ಸಿ ತೀರಿಕೊಂಡರು. ಪ್ರಬಂಧದ ಇಂಗ್ಲಿಷ್ ಅನುವಾದ ಹೊರಗೆ ಬರೋಕೆ 1949 ಆಗಬೇಕಾಯ್ತು.

ಅವರು ಹೇಳಿದ್ದರ ಸಾರ ಇಷ್ಟು. ಮಗು ದೊಡ್ಡವರ ಹತ್ತಿರ ಬರೋದು ಅಕ್ಕರೆ ಬೇಡಿ. ಅದರ ಭಾಷೆ ಮುದ್ದಿನ ಭಾಷೆ. ಆ ದೊಡ್ಡವನು ಅದಕ್ಕೆ ಬೇರೆಯೇ ಭಾಷೆಯಲ್ಲಿ, ತನ್ನ ಕಾಮದ ಭಾಷೆಯಲ್ಲಿ ಉತ್ತರ ಕೊಡ್ತಾನೆ. ಮಗುವಿಗೆ ಆ ಭಾಷೆ ಗೊತ್ತಿಲ್ಲ. ಓಡಿಹೋಗೋಕೆ ಜಾಗ ಇಲ್ಲ. ಆಗ ಆ ದೊಡ್ಡವನಲ್ಲಿ ಇರಬೇಕಾಗಿದ್ದ ತಪ್ಪಿತಸ್ಥ ಭಾವನೆಯನ್ನು ಮಗು ತನ್ನೊಳಗೆ ತಗೊಂಡುಬಿಡುತ್ತೆ. "ನಾನೇ ಏನೋ ಮಾಡಿರಬೇಕು" ಅಂದುಕೊಳ್ಳುತ್ತೆ. ಆಮೇಲೆ ಇನ್ಯಾರ ಹತ್ತಿರವೋ ಹೇಳೋಕೆ ಹೋದಾಗ ಅವರು "ಸುಮ್ನಿರು, ಹಾಗೇನೂ ಆಗಿಲ್ಲ" ಅಂದರೆ ಗಾಯ ಇನ್ನೂ ಆಳ ಆಗುತ್ತೆ.

ಇವತ್ತಿನ ಥೆರಪಿ ಇದೇ ಎರಡು ಗಂಟುಗಳ ಮೇಲೆ ಕೆಲಸ ಮಾಡುತ್ತೆ. ತಪ್ಪು ನನ್ನದು ಅನ್ನೋ ಭಾವನೆ ಒಂದು, ಹೇಳಿದರೂ ಯಾರೂ ನಂಬಲ್ಲ ಅನ್ನೋ ಭಯ ಇನ್ನೊಂದು. 1932ರಲ್ಲಿ ಒಬ್ಬರು ಇದನ್ನು ಬಿಡಿಸಿ ಹೇಳಿದ್ದರು. ಕೇಳೋ ಮನಸ್ಸು ಆಗ ಇರಲಿಲ್ಲ.

ಇದೇ ಕಾಲಕ್ಕೆ ಇನ್ನೊಂದು ಕಡೆಯಿಂದ ಮಗು ಚಿಕಿತ್ಸೆಯ ರೂಮಿನೊಳಗೆ ಬಂತು. ಮೆಲಾನಿ ಕ್ಲೈನ್, ಆನಾ ಫ್ರಾಯ್ಡ್ ಮಕ್ಕಳ ಜೊತೆ ಆಟದ ಮೂಲಕ ಕೆಲಸ ಮಾಡೋಕೆ ಶುರು ಮಾಡಿದರು. ಅಮೆರಿಕದ ವರ್ಜೀನಿಯಾ ಆಕ್ಸ್‌ಲೈನ್ 1947ರಲ್ಲಿ ಆಟದ ಚಿಕಿತ್ಸೆ ಬಗ್ಗೆ ಪುಸ್ತಕ ಬರೆದರು. ದೊಡ್ಡವರು ಮಾತಿನಲ್ಲಿ ಹೇಳೋದನ್ನ ಮಕ್ಕಳು ಆಟದಲ್ಲಿ ಹೇಳ್ತಾರೆ, ಅವಸರ ಮಾಡಬೇಡಿ, ಮಗು ಮುಂದೆ ಹೋಗಲಿ, ನೀವು ಹಿಂದೆ ನಡೀರಿ ಅನ್ನೋದು ಅವರ ಪದ್ಧತಿ. ನಮ್ಮಲ್ಲಿ 1936ರಲ್ಲಿ ಮುಂಬೈನಲ್ಲಿ ಶುರುವಾದ ಟಾಟಾ ಸಮಾಜಕಾರ್ಯ ಶಾಲೆ, ಇವತ್ತಿನ ಟಿಸ್, ಮರುವರ್ಷವೇ ಮಕ್ಕಳ ಮಾರ್ಗದರ್ಶನ ಕ್ಲಿನಿಕ್ ತೆರೆಯಿತು. ಆದರೆ ಎಲ್ಲೂ ಲೈಂಗಿಕ ದೌರ್ಜನ್ಯದ ಹೆಸರೆತ್ತಿ ಚಿಕಿತ್ಸೆ ಇರಲಿಲ್ಲ. ಹೆಸರೇ ಇಲ್ಲದ ಕಾಯಿಲೆಗೆ ಔಷಧಿ ಎಲ್ಲಿಂದ ಬರಬೇಕು?

ಸ್ಯಾನ್ ಹೋಸೆ, 1971

ನಿಮ್ಮಲ್ಲಿ ಎಷ್ಟೋ ಜನ ಆನ್‌ಸೈಟ್ ಅಂತ ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ, ಸ್ಯಾನ್ ಹೋಸೆ ಕಡೆ ಹೋಗಿ ಬಂದಿರ್ತೀರಿ. ಚಿಪ್ ಕಂಪನಿಗಳು ಅಲ್ಲಿ ತಲೆ ಎತ್ತುತ್ತಿದ್ದ ಅದೇ 1971ರಲ್ಲಿ, ಅದೇ ಸಾಂಟಾ ಕ್ಲಾರಾ ಕೌಂಟಿಯಲ್ಲಿ ಹೆನ್ರಿ ಜರೆಟೊ ಅನ್ನೋ ಆಪ್ತಸಲಹೆಗಾರ ಮನೆಯೊಳಗಿನ ಲೈಂಗಿಕ ದೌರ್ಜನ್ಯಕ್ಕೆ ಅಂತಲೇ ಒಂದು ಚಿಕಿತ್ಸಾ ಕಾರ್ಯಕ್ರಮ ಶುರು ಮಾಡಿದರು. ಮಗುವಿಗೆ ಬೇರೆ, ತಾಯಿಗೆ ಬೇರೆ, ಆಮೇಲೆ ಇಬ್ಬರಿಗೂ ಒಟ್ಟಿಗೆ ಅಂತ ಸೆಷನ್ ನಡೀತಿತ್ತು. ಇದೇ ಅನುಭವ ಇರೋ ಬೇರೆ ಮಕ್ಕಳ ಗುಂಪಿನಲ್ಲಿ ಕೂತು ಮಾತಾಡೋ ಅವಕಾಶ ಇತ್ತು.

ಅದು ಎಂಥ ಕಾಲ ಅಂದ್ರೆ, 1975ರಲ್ಲಿ ಬಂದ ಅಮೆರಿಕದ ಒಂದು ಪ್ರಮುಖ ಮನೋವೈದ್ಯಶಾಸ್ತ್ರದ ಪಠ್ಯಪುಸ್ತಕ, ರಕ್ತಸಂಬಂಧಿಗಳಿಂದ ಇಂಥದ್ದು ನಡೆಯೋದು ಸುಮಾರು ಹತ್ತು ಲಕ್ಷಕ್ಕೆ ಒಂದು ಅನ್ನೋ ಲೆಕ್ಕ ಕೊಟ್ಟಿತ್ತು. ಮಹಿಳಾ ಚಳವಳಿಯ ಸಭೆಗಳಲ್ಲಿ ಹೆಂಗಸರು ಒಬ್ಬರಾದ ಮೇಲೆ ಒಬ್ಬರು ತಮ್ಮ ಬಾಲ್ಯದ ಬಗ್ಗೆ ಮಾತಾಡೋಕೆ ಶುರು ಮಾಡಿದಾಗ ಆ ಲೆಕ್ಕ ನಿಲ್ಲಲಿಲ್ಲ. ಮಕ್ಕಳ ವೈದ್ಯ ಹೆನ್ರಿ ಕೆಂಪ್ 1962ರಲ್ಲೇ ಮಕ್ಕಳ ಮೂಳೆ ಮುರಿಯೋ ಹೊಡೆತಗಳ ಬಗ್ಗೆ ವೈದ್ಯಲೋಕದ ಕಣ್ಣು ತೆರೆಸಿದ್ದರು. 1977ರಲ್ಲಿ ಅವರೇ ಲೈಂಗಿಕ ದೌರ್ಜನ್ಯವನ್ನು ಮಕ್ಕಳ ವೈದ್ಯರ ಕಣ್ಣಿಗೆ ಬೀಳದ ಇನ್ನೊಂದು ಸಮಸ್ಯೆ ಅಂದರು.

1983ರಲ್ಲಿ ರೋಲಂಡ್ ಸಮಿಟ್ ಅನ್ನೋ ಮನೋವೈದ್ಯರು ಮಕ್ಕಳು ಯಾಕೆ ಹೇಳಲ್ಲ, ಹೇಳಿದರೆ ಯಾಕೆ ತಡವಾಗಿ ಹೇಳ್ತಾರೆ, ಹೇಳಿದ ಮೇಲೆ ಯಾಕೆ "ಇಲ್ಲ, ಸುಳ್ಳು ಹೇಳಿದೆ" ಅಂತ ಹಿಂದೆ ಸರೀತಾರೆ ಅನ್ನೋದನ್ನ ವಿವರಿಸಿ ಬರೆದರು. ಮಗು ಹೇಳಿದ ಕೂಡಲೇ ಅಮ್ಮ ಅಳ್ತಾಳೆ, ಅಪ್ಪ ಕೂಗಾಡ್ತಾನೆ, ನೆಂಟರು ಬರೋದು ನಿಲ್ಲಿಸ್ತಾರೆ. ತನ್ನ ಮಾತಿನಿಂದ ಮನೆ ಒಡೀತು ಅನ್ನೋದು ಮಗುವಿಗೆ ಕಾಣುತ್ತೆ. ನುಂಗೋಕೂ ಆಗದ ಉಗುಳೋಕೂ ಆಗದ ಬಿಸಿ ತುಪ್ಪ. ಹಾಗಾಗಿ ಮಾತು ಬದಲಿಸೋದು ಸುಳ್ಳಿನ ಸಾಕ್ಷಿ ಅಂತ ತೀರ್ಮಾನಿಸೋ ಹಾಗಿಲ್ಲ ಅನ್ನೋದು ಅವರ ವಾದ. ಅದನ್ನೇ ರೋಗನಿರ್ಣಯದ ಪರೀಕ್ಷೆ ತರಹ ಕೋರ್ಟುಗಳಲ್ಲಿ ಬಳಸೋಕೆ ಹೋದವರ ಬಗ್ಗೆ ಮುಂದೆ ಸಾಕಷ್ಟು ಟೀಕೆ ಬಂತು.

ಇನ್ನೊಂದು ಹಳ್ಳ

ಇಲ್ಲಿವರೆಗೆ ಕೇಳಿದ್ದು ನಂಬದೇ ಇದ್ದವರ ಕಥೆ. ಈಗ ಉಲ್ಟಾ. 1983ರಲ್ಲಿ ಲಾಸ್ ಏಂಜಲೀಸ್ ಹತ್ತಿರದ ಮೆಕ್‌ಮಾರ್ಟಿನ್ ಅನ್ನೋ ಶಿಶುವಿಹಾರದ ಮೇಲೆ ಆರೋಪ ಬಂತು. ನೂರಾರು ಪುಟ್ಟ ಮಕ್ಕಳನ್ನು ಸಂದರ್ಶನ ಮಾಡಿದರು. ಮಾಡಿದವರ ಉದ್ದೇಶ ಒಳ್ಳೇದೇ ಇದ್ದಿರಬಹುದು. ಆದರೆ ಕೇಳಿದ ರೀತಿ? ಬೇರೆ ಮಕ್ಕಳು ಆಗಲೇ ಹೇಳಿದ್ದಾರೆ ಅನ್ನೋದು, ಹೌದು ಅಂದರೆ ಹೊಗಳೋದು, ಇಲ್ಲ ಅಂದರೆ ಮತ್ತೆ ಮತ್ತೆ ಕೇಳೋದು. ಮಕ್ಕಳ ಮಾತುಗಳು ಬೆಳೀತಾ ಹೋಗಿ ನಡೆಯೋಕೇ ಸಾಧ್ಯವಿಲ್ಲದ ಸಂಗತಿಗಳು ಸೇರಿಕೊಂಡವು. 1987ರಿಂದ 1990ರವರೆಗೆ ವಿಚಾರಣೆ ನಡೀತು. ಅಲ್ಲಿವರೆಗಿನ ಅಮೆರಿಕದ ಅತಿ ದುಬಾರಿ ಕ್ರಿಮಿನಲ್ ಕೇಸ್ ಅದು. ಒಬ್ಬರಿಗೂ ಶಿಕ್ಷೆ ಆಗಲಿಲ್ಲ.

ಆರೋಪಿಗಳ ಬದುಕು ಹಾಳಾಯ್ತು. ಮಕ್ಕಳ ಬಾಲ್ಯದ ಎಷ್ಟೋ ವರ್ಷ ಅದರಲ್ಲೇ ಕಳೀತು. ಅದಕ್ಕೂ ಮಿಗಿಲಾಗಿ, ನಿಜವಾಗಿ ನೊಂದು ಬರೋ ಮುಂದಿನ ಮಗುವಿನ ಮಾತಿಗೂ "ಯಾರೋ ಹೇಳಿಕೊಟ್ಟಿರಬೇಕು" ಅನ್ನೋ ಅನುಮಾನ ಅಂಟಿಕೊಂಡಿತು.

ಈ ಪೆಟ್ಟಿನಿಂದ ವೃತ್ತಿಯವರು ಎರಡು ಪಾಠ ಕಲಿತರು. ಮೊದಲನೆಯದು, ಪ್ರಶ್ನೆ ತೆರೆದಿರಬೇಕು. "ಅವನು ಮುಟ್ಟಿದ್ನಾ?" ಅನ್ನೋದರ ಬದಲು "ಆಮೇಲೆ ಏನಾಯ್ತು, ಹೇಳು" ಅನ್ನಬೇಕು. ಮಗುವಿನ ಬಾಯಿಗೆ ನಮ್ಮ ಪದ ಇಡಬಾರದು. ಎರಡನೆಯದು, ತನಿಖೆಯ ಸಂದರ್ಶನ ಬೇರೆ, ಚಿಕಿತ್ಸೆ ಬೇರೆ. 1985ರಲ್ಲಿ ಅಲಬಾಮಾದ ಹಂಟ್ಸ್‌ವಿಲ್‌ನಲ್ಲಿ ಬಡ್ ಕ್ರೇಮರ್ ಅನ್ನೋ ಸರ್ಕಾರಿ ಪ್ರಾಸಿಕ್ಯೂಟರ್ ಮುಂದಾಳತ್ವದಲ್ಲಿ ಒಂದು ಕೇಂದ್ರ ಶುರುವಾಯ್ತು. ಪೊಲೀಸ್, ವೈದ್ಯರು, ಸಮಾಜಕಾರ್ಯಕರ್ತರು ಮಗು ಇರೋ ಕಡೆಗೇ ಬರೋ ವ್ಯವಸ್ಥೆ ಅದು. ಹತ್ತು ಮೇಜಿನ ಮುಂದೆ ಹತ್ತು ಸಲ ಅದೇ ಕಥೆ ಹೇಳೋ ಪಾಡು ತಪ್ಪಲಿ ಅನ್ನೋದು ಉದ್ದೇಶ. 1998ರಲ್ಲಿ ಐಸ್‌ಲ್ಯಾಂಡ್ ಇದನ್ನೇ 'ಮಕ್ಕಳ ಮನೆ' ಅನ್ನೋ ಹೆಸರಿನಲ್ಲಿ ತನ್ನದಾಗಿ ಮಾಡಿಕೊಂಡಿತು.

ಆ ರೂಮಿನಲ್ಲಿ ಈಗ ಏನು ನಡೆಯುತ್ತೆ

ಮೊದಲಿನ ಪ್ರಶ್ನೆಗೆ ಬರೋಣ. ಇವತ್ತು ಹೆಚ್ಚು ಅಧ್ಯಯನ ಆಗಿರೋ ಪದ್ಧತಿಯನ್ನು ರೂಪಿಸಿದವರು ಪಿಟ್ಸ್‌ಬರ್ಗ್‌ನ ಜುಡಿತ್ ಕೋಹೆನ್ ಮತ್ತು ಆಂಟನಿ ಮನ್ನರಿನೊ, ನ್ಯೂಜೆರ್ಸಿಯ ಎಸ್ತರ್ ಡೆಬ್ಲಿಂಜರ್. ಆಘಾತ ಕೇಂದ್ರಿತ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ ಅಂತ ಅದರ ಉದ್ದನೆಯ ಹೆಸರು. ಮೂರರಿಂದ ಹದಿನೆಂಟು ವರ್ಷದವರಿಗೆ, ಸಾಮಾನ್ಯವಾಗಿ 12ರಿಂದ 16 ಸೆಷನ್, ಬೇಕಾದರೆ ಇನ್ನೂ ಕೆಲವು.

ಮೊದಲ ದಿನ ಯಾರೂ "ಏನಾಯ್ತು ಹೇಳು" ಅಂತ ಕೂರಿಸಿಕೊಳ್ಳಲ್ಲ. ಮೊದಲ ಕೆಲವು ವಾರ ಪೂರ್ತಿ ತಯಾರಿ. ಇಂಥದ್ದು ಬೇರೆ ಮಕ್ಕಳಿಗೂ ಆಗಿದೆ, ನೀನೊಬ್ಬಳೇ ಅಲ್ಲ ಅನ್ನೋದನ್ನ ತಿಳಿಸೋದು. ಉಸಿರಾಟ, ಮೈ ಸಡಿಲ ಬಿಡೋದು ಕಲಿಸೋದು. ಭಾವನೆಗಳಿಗೆ ಹೆಸರು ಹೇಳೋದು. ಮಗುವಿನ ಕೈಯಲ್ಲಿ ಬ್ರೇಕ್ ಇದೆ ಅಂತ ಅದಕ್ಕೆ ಗೊತ್ತಾದ ಮೇಲೇ ಗಾಡಿ ಮುಂದೆ ಹೋಗುತ್ತೆ.

ಆಮೇಲೆ ನಿಧಾನವಾಗಿ ನಡೆದಿದ್ದರ ಕಥೆ. ಇಲ್ಲೇ ವಯಸ್ಸಿನ ಲೆಕ್ಕ ಬರೋದು. ನಾಲ್ಕು ವರ್ಷದ ಮಗು ಗೊಂಬೆ, ಚಿತ್ರ, ಆಟದಲ್ಲಿ ಹೇಳುತ್ತೆ, ಐದು ನಿಮಿಷ ಹೇಳಿ ಇನ್ನೊಂದು ಆಟಕ್ಕೆ ಓಡುತ್ತೆ. ಅದನ್ನು ಹಿಡಿದು ಕೂರಿಸೋ ಹಾಗಿಲ್ಲ. ಒಂಬತ್ತು ವರ್ಷದ ಮಗು ಒಂದು ಪುಟ್ಟ ಪುಸ್ತಕದ ತರಹ ಅಧ್ಯಾಯ ಅಧ್ಯಾಯವಾಗಿ ಬರೀಬಹುದು, ಮೊದಲ ಅಧ್ಯಾಯದಲ್ಲಿ ತನ್ನ ಬಗ್ಗೆ, ತನಗೆ ಇಷ್ಟವಾದ ಆಟದ ಬಗ್ಗೆ. ಹದಿನೈದರ ಹುಡುಗನಿಗೆ ಗೊಂಬೆ ಕೊಟ್ಟರೆ ಅವಮಾನ. ಅವನಿಗೆ ಬೇಕಾದ್ದು ಖಾಸಗಿತನ. "ನನ್ನ ಮಾತು ಅಪ್ಪ-ಅಮ್ಮನಿಗೆ ಎಷ್ಟು ಹೋಗುತ್ತೆ?" ಅನ್ನೋ ಪ್ರಶ್ನೆಗೆ ನೇರ ಉತ್ತರ. ಅವನ ಮನಸ್ಸಿನಲ್ಲಿ ಇರೋ ಪ್ರಶ್ನೆಗಳೂ ಬೇರೆ. ನನ್ನ ದೇಹ ಯಾಕೆ ಹಾಗೆ ಪ್ರತಿಕ್ರಿಯಿಸಿತು, ನಾನು ಗಂಡಸೇನಾ, ಮುಂದೆ ನನಗೆ ಪ್ರೀತಿ ಅನ್ನೋದು ಸಾಧ್ಯವಾ.

ಕಥೆಯೊಳಗೆ ಹುದುಗಿರೋ "ನಾನು ಅವತ್ತು ಆ ಮನೆಗೆ ಹೋಗಬಾರದಿತ್ತು", "ನಾನು ಕೂಗಬೇಕಿತ್ತು" ಅನ್ನೋ ವಾಕ್ಯಗಳನ್ನ ಥೆರಪಿಸ್ಟ್ ಮಗುವಿನ ಜೊತೆ ಕೂತು ಒಂದೊಂದಾಗಿ ಪರಿಶೀಲಿಸ್ತಾರೆ. ಫೆರೆನ್ಸಿ ಹೇಳಿದ ಮೊದಲ ಗಂಟು ಬಿಚ್ಚೋದು ಇಲ್ಲಿ. ಎರಡನೇ ಗಂಟು ಬಿಚ್ಚೋದು ಅಪ್ಪ-ಅಮ್ಮನ ಸೆಷನ್‌ಗಳಲ್ಲಿ. ಅವರಿಗೆ ಮೊದಲು ಬೇರೆಯಾಗಿ ತಯಾರಿ ಇರುತ್ತೆ. ಮಗು ಓದಿ ಹೇಳೋವಾಗ ಅಮ್ಮ ಕುಸಿದು ಹೋಗದೆ ಕೇಳಿಸಿಕೊಂಡರೆ, ಹೇಳಿದರೆ ಮನೆ ಒಡೆಯಲ್ಲ ಅನ್ನೋದು ಮಗುವಿಗೆ ಕಣ್ಣಾರೆ ಗೊತ್ತಾಗುತ್ತೆ.

ಇದು ನಂಬಿಕೆಯ ಮಾತಷ್ಟೇ ಅಲ್ಲ. 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 8ರಿಂದ 14 ವರ್ಷದ 229 ಮಕ್ಕಳನ್ನು ತಗೊಂಡು, ಈ ಪದ್ಧತಿಯನ್ನು ಮಗು ಕೇಂದ್ರಿತ ಸಾಮಾನ್ಯ ಥೆರಪಿ ಜೊತೆ ಹೋಲಿಸಿದರು. ಈ ಪದ್ಧತಿಯ ಮಕ್ಕಳಲ್ಲಿ ಆಘಾತದ ಲಕ್ಷಣ, ಖಿನ್ನತೆ, ನಾಚಿಕೆ ಹೆಚ್ಚು ಕಡಿಮೆಯಾಯ್ತು. ಅವರ ತಂದೆತಾಯಿಯರ ಖಿನ್ನತೆಯೂ ಇಳೀತು. ಬ್ರಿಟನ್ನಿನಲ್ಲಿ ಮಕ್ಕಳ ರಕ್ಷಣಾ ಸಂಸ್ಥೆ ಎನ್‌ಎಸ್‌ಪಿಸಿಸಿ ಇನ್ನೊಂದು ದಾರಿ ಹಿಡಿಯಿತು. ಆಟ, ಚಿತ್ರ, ಕಥೆ, ಮಾತು ಇವುಗಳಲ್ಲಿ ಆ ಮಗುವಿಗೆ ಒಗ್ಗೋದನ್ನ ಆರಿಸಿಕೊಂಡು ಹೋಗೋ ಕ್ರಮ ಅದು. 242 ಮಕ್ಕಳ ಮೇಲೆ ನಡೆದು 2016ರಲ್ಲಿ ಬಂದ ಅದರ ಅಧ್ಯಯನದಲ್ಲಿ ಎಂಟು ವರ್ಷ ಮೇಲ್ಪಟ್ಟವರಲ್ಲಿ ಆರು ತಿಂಗಳಿಗೆ ಸುಧಾರಣೆ ಕಂಡಿತು. ಅದಕ್ಕಿಂತ ಚಿಕ್ಕವರಲ್ಲಿ ಅಷ್ಟು ಬೇಗ ಕಾಣಲಿಲ್ಲ. ಚಿಕ್ಕ ಮಗು ಬೇಗ ಮರೆಯುತ್ತೆ, ಬೇಗ ಸರಿಹೋಗುತ್ತೆ ಅನ್ನೋ ನಮ್ಮ ಮಾತನ್ನ ಇದರ ಪಕ್ಕ ಇಟ್ಟು ನೋಡಿ.

ಭಾರತದಲ್ಲಿ ಸಂಖ್ಯೆ ಬಂತು, ಕಾನೂನು ಬಂತು

ನಮ್ಮಲ್ಲಿ ಇದೆಲ್ಲ ಇಲ್ಲ ಅನ್ನೋ ಮಾತು ಒಡೆದಿದ್ದು 1990ರ ದಶಕದಲ್ಲಿ. ಬೆಂಗಳೂರಿನ 'ಸಂವಾದ' ಸಂಸ್ಥೆ ಕರ್ನಾಟಕದ ಶಾಲೆ ಕಾಲೇಜುಗಳ ಹುಡುಗಿಯರನ್ನು ಕೇಳಿತು. ದೆಹಲಿಯ 'ರಾಹಿ' 1998ರಲ್ಲಿ, ಬೇರೆ ಬೇರೆ ನಗರಗಳ ಇಂಗ್ಲಿಷ್ ಬಲ್ಲ ಮಧ್ಯಮ ಮತ್ತು ಮೇಲ್ವರ್ಗದ 600 ಹೆಂಗಸರ ಉತ್ತರ ಪ್ರಕಟಿಸಿತು. ಅವರಲ್ಲಿ ನೂರಕ್ಕೆ 76 ಜನ ಬಾಲ್ಯದಲ್ಲಿ ಅನುಭವಿಸಿದ್ದರು. ಚೆನ್ನೈನಲ್ಲಿ 2004ರಲ್ಲಿ ಹುಟ್ಟಿದ 'ತುಳಿರ್' 2006ರಲ್ಲಿ 2,211 ಶಾಲಾ ಮಕ್ಕಳ ಅಧ್ಯಯನ ತಂದಿತು. ಒಟ್ಟು ಶೇ 42. ಹುಡುಗಿಯರಲ್ಲಿ ಶೇ 39, ಹುಡುಗರಲ್ಲಿ ಶೇ 48. ಇನ್ನೊಮ್ಮೆ ಓದಿ, ಹುಡುಗರದ್ದೇ ಜಾಸ್ತಿ. 2007ರಲ್ಲಿ ಕೇಂದ್ರ ಸರ್ಕಾರವೇ 13 ರಾಜ್ಯಗಳ 12,447 ಮಕ್ಕಳನ್ನು ಕೇಳಿದಾಗ ಶೇ 53.22 ಮಕ್ಕಳು ಒಂದಲ್ಲ ಒಂದು ರೂಪದ ಲೈಂಗಿಕ ದೌರ್ಜನ್ಯ ಹೇಳಿಕೊಂಡರು. ಇದಕ್ಕೂ ಮುಂಚೆ, 2004ರ ಸಾಕ್ಷಿ ಪ್ರಕರಣದಲ್ಲಿ, ಕೋರ್ಟಿನಲ್ಲಿ ಮಗುವಿಗೆ ಆರೋಪಿಯ ಮುಖ ಕಾಣದ ಹಾಗೆ ಪರದೆ ಇರಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿತ್ತು.

2012ರ ನವೆಂಬರ್ 14ರಂದು ಪೋಕ್ಸೊ ಕಾಯ್ದೆ ಜಾರಿಗೆ ಬಂತು. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಬಯಸಿದ ಜಾಗದಲ್ಲಿ, ಆದಷ್ಟೂ ಮಹಿಳಾ ಅಧಿಕಾರಿಯೇ, ಸಮವಸ್ತ್ರ ಇಲ್ಲದೆ ದಾಖಲಿಸಬೇಕು. ಕೋರ್ಟಿಗೆ ಪದೇ ಪದೇ ಕರೀಬಾರದು. ವಕೀಲರು ಮಗುವನ್ನು ನೇರ ಕೇಳೋ ಹಾಗಿಲ್ಲ, ಪ್ರಶ್ನೆ ನ್ಯಾಯಾಧೀಶರ ಮೂಲಕ ಹೋಗಬೇಕು. ಒಂದು ಶತಮಾನದ ಪಾಠ ಈ ಸೆಕ್ಷನ್‌ಗಳಲ್ಲಿ ಇದೆ.

ಒಂದು ಬಿಗಿ ಕೂಡ ಇದೆ. ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು ಅನ್ನುತ್ತೆ ಕಾಯ್ದೆ. ಥೆರಪಿಸ್ಟ್‌ಗೂ ಅದೇ ಲೆಕ್ಕ. ಹಾಗಾಗಿ ಒಳ್ಳೆ ಥೆರಪಿಸ್ಟ್ ಹದಿನೈದರ ಹುಡುಗಿಗೆ ಮೊದಲ ದಿನವೇ "ಇದನ್ನ ನಾನು ಗುಟ್ಟಾಗಿ ಇಡೋಕೆ ಆಗಲ್ಲ, ಆದರೆ ಪ್ರತಿ ಹೆಜ್ಜೆ ನಿನಗೆ ಹೇಳಿ ಇಡ್ತೀನಿ" ಅಂತ ಹೇಳಿಬಿಡ್ತಾರೆ. ಮನೆಯವರೇ ಆರೋಪಿ ಆದಾಗ ಇದೇ ನಿಯಮ ಎಷ್ಟೋ ಕುಟುಂಬಗಳನ್ನ ಥೆರಪಿಯ ಬಾಗಿಲಿನಿಂದಲೇ ವಾಪಸ್ ಕಳಿಸುತ್ತೆ ಅನ್ನೋ ದೂರು ಇದೆ. ಮುಚ್ಚಿಟ್ಟರೆ ಇನ್ನೊಂದು ಮಗು ಬಲಿಯಾಗುತ್ತೆ ಅನ್ನೋ ವಾದವೂ ಅಷ್ಟೇ ಗಟ್ಟಿ. ನನಗಂತೂ ಇದಕ್ಕೆ ಸುಲಭದ ಉತ್ತರ ಕಾಣಲ್ಲ.

ಬೆಂಗಳೂರಿನ ನಿಮ್ಹಾನ್ಸ್ ಬಗ್ಗೆ ಹೇಳದೆ ಇದು ಮುಗಿಯಲ್ಲ. ಅಲ್ಲಿನ ಮಕ್ಕಳ ಮನೋವೈದ್ಯ ವಿಭಾಗದಲ್ಲಿ ಡಾ. ಶೇಖರ್ ಶೇಷಾದ್ರಿ ಮತ್ತು ಅವರ ಸಹೋದ್ಯೋಗಿಗಳು ಕಥೆ, ನಾಟಕ, ಚಿತ್ರ, ಆಟಗಳನ್ನ ಚಿಕಿತ್ಸೆಯೊಳಗೆ ತಂದು, ಶಿಕ್ಷಕರಿಗೆ, ಮಕ್ಕಳ ಜೊತೆ ಕೆಲಸ ಮಾಡೋರಿಗೆ ತರಬೇತಿ ಕೊಟ್ಟರು. ಇದೇ ಕೆಲಸ ಮುಂದೆ ಕೇಂದ್ರ ಸರ್ಕಾರದ ಬೆಂಬಲದಿಂದ ದೇಶಕ್ಕೆಲ್ಲ ಹರಡೋ ಯೋಜನೆ ಆಯ್ತು. ಅದರ ಹೆಸರೂ 'ಸಂವಾದ್'. ತೊಂಬತ್ತರ ದಶಕದ ಸಂವಾದಕ್ಕೂ ಇದಕ್ಕೂ ಸಂಬಂಧ ಇಲ್ಲ, ಆದರೂ ಒಂದೇ ಊರಿನಲ್ಲಿ ಇಬ್ಬರಿಗೂ ಅದೇ ಪದ ಸಿಕ್ಕಿದೆ.

ನಮ್ಮ ಮಕ್ಕಳು ಯಾವ ಭಾಷೆಯಲ್ಲಿ ಹೇಳ್ತಾರೆ?

ಈಗ ನಮ್ಮ ಮನೆಗೆ ಬರ್ತೀನಿ. ಪುಣೆಯ ಹಿಂಜೆವಾಡಿಯಲ್ಲೋ ಹೈದರಾಬಾದಿನ ಗಚ್ಚಿಬೌಲಿಯಲ್ಲೋ ಬೆಳೆಯೋ ನಮ್ಮ ಮಗು ಅಮ್ಮನ ಹತ್ತಿರ ಕನ್ನಡ, ಟೀಚರ್ ಹತ್ತಿರ ಇಂಗ್ಲಿಷ್, ಅಪಾರ್ಟ್‌ಮೆಂಟಿನ ಆಟದ ಜಾಗದಲ್ಲಿ ಹಿಂದಿ, ಮರಾಠಿ ಅಥವಾ ತೆಲುಗು ಮಾತಾಡುತ್ತೆ. 'ಗುಡ್ ಟಚ್, ಬ್ಯಾಡ್ ಟಚ್' ಅನ್ನೋದು ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಕಲ್ತಿರುತ್ತೆ. ಆದರೆ ಸ್ನಾನ ಮಾಡಿಸೋವಾಗ, ಬಟ್ಟೆ ಹಾಕೋವಾಗ, ಮೈಯ ಆ ಭಾಗಗಳಿಗೆ ಮನೆಯಲ್ಲಿ ಹೇಳೋದು ಬೇರೆ ಪದ, ಕೆಲವು ಮನೆಗಳಲ್ಲಿ ಬರೀ 'ಶೇಮ್ ಶೇಮ್'. ನಾಚಿಕೆಯೇ ಹೆಸರಾದ ಭಾಗದ ಬಗ್ಗೆ ಮಗು ಯಾವ ಪದದಿಂದ ದೂರು ಹೇಳಬೇಕು?

ಹಾಗಾಗಿ ತಿಳಿದ ಥೆರಪಿಸ್ಟ್ ತಂದೆತಾಯಿಯನ್ನ ಮೊದಲೇ ಕೇಳ್ತಾರೆ, "ನಿಮ್ಮ ಮನೇಲಿ ಇದಕ್ಕೆ ಏನಂತೀರಿ?" ಮಗು ಬಳಸೋ ಪದವನ್ನೇ ತಾವೂ ಬಳಸ್ತಾರೆ. ಥೆರಪಿಸ್ಟ್‌ಗೆ ಕನ್ನಡ ಬರದಿದ್ದರೆ ಈ ಪದಗಳ ಪಟ್ಟಿ ನೀವೇ ಬರೆದು ಕೊಡಬೇಕಾಗುತ್ತೆ. ಇಂಗ್ಲಿಷ್ ಮೀಡಿಯಂ ಮಗು ಸೆಷನ್ನಿನಲ್ಲಿ ಇಂಗ್ಲಿಷಿನಲ್ಲಿ ಚೆನ್ನಾಗಿ ಮಾತಾಡಿತು ಅಂತ ಸಮಾಧಾನ ಪಟ್ಟುಕೊಳ್ಳಬೇಡಿ. ಭಯ ಆದದ್ದು ಯಾವ ಭಾಷೆಯಲ್ಲೋ, ಅದರ ಪದಗಳು ಆ ಭಾಷೆಯಲ್ಲೇ ಇರಬಹುದು. ಬರ್ತಾ ಪಾಪೆನ್‌ಹೈಮ್ ಥರ, ಮನೆಮಾತು ಕಷ್ಟವಾಗಿ ಹೊರಗಿನ ಭಾಷೆಯಲ್ಲೇ ಹೇಳೋದು ಹಗುರ ಅನಿಸೋ ಮಕ್ಕಳೂ ಇದ್ದಾರೆ. ಅದನ್ನ ಮಗುವೇ ಆರಿಸಲಿ.

ಇನ್ನು, ಮಗು ಮೊದಲು ಹೇಳೋದು ಥೆರಪಿಸ್ಟ್‌ಗಲ್ಲ. ರಾತ್ರಿ ಮಲಗೋವಾಗ ನಿಮಗೆ, ಇಲ್ಲಾಂದ್ರೆ ವಿಡಿಯೊ ಕಾಲ್‌ನಲ್ಲಿ ಊರಿನ ಅಜ್ಜಿಗೆ, ಅದೂ ಅಡ್ಡದಾರಿಯಲ್ಲಿ. "ನಾನು ಅವರ ಮನೆಗೆ ಇನ್ನು ಹೋಗಲ್ಲ." ಅಷ್ಟೇ. ಆಗ ನಮ್ಮ ಬಾಯಿಗೆ ತಟ್ಟನೆ ಬರೋ ಮಾತು "ಯಾಕೆ, ಆ ಅಂಕಲ್ ಏನಾದ್ರೂ ಮಾಡಿದ್ರಾ?" ಅದು ಮೆಕ್‌ಮಾರ್ಟಿನ್ ದಾರಿ. ಅಥವಾ "ಹಾಗೆಲ್ಲ ಅನ್ನಬಾರದು ಪುಟ್ಟಾ, ಅವರು ಒಳ್ಳೆಯವರು." ಅದು ವಿಯೆನ್ನಾದ ದಾರಿ. "ಆಗಲೇ ಯಾಕೆ ಹೇಳಲಿಲ್ಲ?" ಅಂದರೆ ತಪ್ಪನ್ನ ಮಗುವಿನ ತಲೆಗೇ ಕಟ್ಟಿದ ಹಾಗೆ. ಇವುಗಳ ಬದಲು "ಹೌದಾ, ಹೇಳು ಚಿನ್ನ" ಅಂತ ಕೇಳಿಸಿಕೊಂಡು, "ಹೇಳಿದ್ದು ಒಳ್ಳೇದಾಯ್ತು, ನಿನ್ನ ತಪ್ಪು ಏನೂ ಇಲ್ಲ, ಮುಂದಿಂದು ನಾವು ನೋಡ್ಕೋತೀವಿ" ಅಂದರೆ ಸಾಕು. ಉಳಿದ ಪ್ರಶ್ನೆಗಳನ್ನ ಕೇಳೋದು ಕಲಿತವರ ಕೆಲಸ.

ಥೆರಪಿಸ್ಟ್ ಹುಡುಕೋವಾಗ ನಾಲ್ಕು ಪ್ರಶ್ನೆ ಕೇಳಿ. ಮಕ್ಕಳ ಆಘಾತದ ಬಗ್ಗೆ ತರಬೇತಿ ಆಗಿದೆಯಾ? ನನ್ನ ಮಗುವಿನ ವಯಸ್ಸಿಗೆ ಹೇಗೆ ಕೆಲಸ ಮಾಡ್ತೀರಿ? ನಮ್ಮನ್ನ ಎಷ್ಟು ಸೇರಿಸ್ಕೋತೀರಿ? ಯಾವ ಭಾಷೆಯಲ್ಲಿ? ಉತ್ತರ ಕೊಡೋಕೆ ಬೇಸರ ಮಾಡ್ಕೊಳ್ಳೋರ ಹತ್ತಿರ ಮಗುವನ್ನ ಬಿಡಬೇಡಿ.

ಮಕ್ಕಳ ಸಹಾಯವಾಣಿ 1098. ಅದು 1996ರಲ್ಲಿ ಮುಂಬೈನ ಟಿಸ್‌ನಲ್ಲೇ ಹುಟ್ಟಿದ್ದು, ಈಗ ಸರ್ಕಾರ ನಡೆಸುತ್ತೆ. ಮನಸ್ಸಿನ ಸಂಕಟಕ್ಕೆ ಟೆಲಿ-ಮಾನಸ್ 14416. ಅದಕ್ಕೆ ನಿಮ್ಹಾನ್ಸ್ ಹಿನ್ನೆಲೆ ಇದೆ, ಕನ್ನಡದಲ್ಲೂ ಮಾತಾಡ್ತಾರೆ. ಇದು ಮಕ್ಕಳಿಗಷ್ಟೇ ಅಲ್ಲ. ಈ ಬರಹ ಓದ್ತಾ ಓದ್ತಾ ತಮ್ಮದೇ ಎಂಟನೇ ವಯಸ್ಸಿಗೆ ಹೋಗಿ ನಿಂತವರು ನಮ್ಮ ನಡುವೆ ಇದ್ದಾರೆ ಅಂತ ಮೇಲಿನ ಅಂಕಿಗಳೇ ಹೇಳ್ತವೆ. ಇಷ್ಟು ವರ್ಷ ಆದ ಮೇಲೆ ಏನು ಹೇಳೋದು ಅಂತ ಅಂದುಕೊಂಡಿದ್ದರೆ, ತಡವಾಗಿ ಹೇಳಿದ ಮಾತು ತಡವಾಯ್ತು ಅನ್ನೋ ಕಾರಣಕ್ಕೆ ಸುಳ್ಳಾಗಲ್ಲ. ಆ ನಂಬರ್ ನಿಮಗೂ ಸೇರಿದ್ದು.